ಪರದೆಯ ಮುಂದೆ ಹತ್ತು ತಾಸು: ಕಣ್ಣು ಕಾಯುವ ಕ್ರಮ

‘ಪರದೆಯ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಕನ್ನಡಕ ತೆಗೆದುಕೊಳ್ಳಬಹುದೇ?’ ತಿಂಗಳಿಗೆ ನಾಲ್ಕಾರು ಓದುಗರಾದರೂ ಇದನ್ನು ಕೇಳುತ್ತಾರೆ. ಕೆಲವರು 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ಬಂದು ಮತ್ತೆ ಬೆಂಗಳೂರಿಗೆ ಹೊರಡದೆ ಉಳಿದವರು. ಕೆಲವರು ಕಾರವಾರ, ಕುಮಟೆಯ ಕಚೇರಿಗಳಲ್ಲಿ ದಿನವಿಡೀ ಕಂಪ್ಯೂಟರ್ ನೋಡುವವರು. ಎಲ್ಲರ ದೂರೂ ಒಂದೇ: ಸಂಜೆ ನಾಲ್ಕಾಗುವಷ್ಟರಲ್ಲಿ ಕಣ್ಣು ಉರಿ, ಮರಳು ಬಿದ್ದಂತೆ ಚುಚ್ಚು, ಹುಬ್ಬಿನ ಮೇಲೆ ನೋವು, ದೂರದ ಅಕ್ಷರ ಸ್ವಲ್ಪ ಹೊತ್ತು ಮಸುಕು.

ಬ್ಲೂ ಕಟ್ ವಿಷಯಕ್ಕೆ ಉತ್ತರ ಚಿಕ್ಕದು: ಆ ದುಡ್ಡು ಉಳಿಸಿ. ಪರದೆಯಿಂದ ಬರುವ ನೀಲಿ ಬೆಳಕು ಅಂಗಳದಲ್ಲಿ ಬಿಸಿಲಿಗೆ ನಿಂತಾಗ ಕಣ್ಣಿಗೆ ಬೀಳುವುದರ ಮುಂದೆ ಬಹಳ ಅಲ್ಪ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯೊಂದು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸಾಮಾನ್ಯ ಗಾಜಿಗಿಂತ ಇಂಥ ಗಾಜಿನಿಂದ ಕಣ್ಣಿನ ದಣಿವು ಕಡಿಮೆಯಾಗುತ್ತದೆ ಎಂಬುದಕ್ಕೆ ಅದಕ್ಕೆ ಆಧಾರ ಸಿಗಲಿಲ್ಲ. ಕಣ್ಣು ದಣಿಯುವುದು ಬೆಳಕಿನ ಬಣ್ಣದಿಂದಲ್ಲ, ನಾವು ನೋಡುವ ರೀತಿಯಿಂದ. ಎವೆಯಿಕ್ಕದೆ ನೋಡುತ್ತೇವೆ, ಒಂದೇ ದೂರದಲ್ಲಿ ತಾಸುಗಟ್ಟಲೆ ನೋಡುತ್ತೇವೆ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಈ ಎರಡನ್ನು ತಿದ್ದುವ ಕೆಲಸ, ಖರ್ಚೂ ಅಷ್ಟಿಲ್ಲ.

ನಾನು ವೈದ್ಯನಲ್ಲ. ಕರಡು ತಿದ್ದುತ್ತ ದಿನಕ್ಕೆ ಹತ್ತು ತಾಸು ಪರದೆಯ ಮುಂದೆ ಕೂರುವವನು, ಕಣ್ಣು ಕೆಡಿಸಿಕೊಂಡ ಮೇಲೆ ಕಲಿತವನು.

ಮೊದಲು ಒಂದು ಎಚ್ಚರಿಕೆ. ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಕುಗ್ಗಿದರೆ, ಕಣ್ಣೊಳಗೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದಂತೆ ಕಂಡರೆ, ನೋಟದ ಒಂದು ಬದಿಗೆ ಪರದೆ ಎಳೆದಂತಾದರೆ ಅದು ಕಂಪ್ಯೂಟರಿನ ದಣಿವಲ್ಲ. ಕಣ್ಣಿನ ಹಿಂಭಾಗದ ಅಕ್ಷಿಪಟಲ ಕಳಚುತ್ತಿರಬಹುದು. ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ವಾಂತಿಯಾಗುತ್ತಿದ್ದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಎರಡರಲ್ಲಿ ಯಾವುದಿದ್ದರೂ ಈ ಲೇಖನ ಬದಿಗಿಟ್ಟು ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ನಾಳೆ ಸಂತೆಗೆ ಹೋದಾಗ ತೋರಿಸಿದರಾಯಿತು ಎಂದು ತಳ್ಳಬೇಡಿ.

ಬೇಕಾಗುವ ಸಾಮಾನು: ಒಂದು ಅಳತೆ ಟೇಪು, ಒಂದು ಬಿಳಿ ಹಾಳೆ, ನಾಲ್ಕು ದಪ್ಪ ಪುಸ್ತಕ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ಮತ್ತು ಮೌಸ್. ಎರಡು ವರ್ಷದಿಂದ ಕಣ್ಣು ಪರೀಕ್ಷೆ ಮಾಡಿಸಿಲ್ಲದಿದ್ದರೆ ಅಥವಾ ವಯಸ್ಸು ನಲವತ್ತು ದಾಟಿದ್ದರೆ ಕೊನೆಯ ಹಂತವನ್ನು ಮೊದಲು ಮಾಡಿ.

1. ಕೂರುವ ಜಾಗ ಬದಲಿಸಿ

ನಮ್ಮ ಕಡೆ ಕೂರುವ ಜಾಗವನ್ನು ಆರಿಸುವವರು ನಾವಲ್ಲ, ನೆಟ್‌ವರ್ಕ್. ಅದು ಜಗಲಿಯ ತುದಿಯಲ್ಲಿ ಸಿಕ್ಕರೆ ಜಗಲಿ, ಮೆತ್ತಿನ, ಎಂದರೆ ಮಹಡಿಯ, ಮೂಲೆಯಲ್ಲಿ ಸಿಕ್ಕರೆ ಮೆತ್ತು. ಎರಡೂ ಕಣ್ಣಿಗೆ ಕಷ್ಟದ ಜಾಗಗಳೇ.

ಜಗಲಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತರೆ ಪರದೆಯ ಹಿಂದೆ ಬಿಸಿಲು ಬೆಳ್ಳಗೆ ಹೊಳೆಯುತ್ತಿರುತ್ತದೆ. ಕಣ್ಣಿನ ಪಾಪೆ ಆ ಬೆಳಕಿಗೆ ಕುಗ್ಗುತ್ತದೆ, ಅಕ್ಷರ ಮಂಕಾಗಿ ಕಾಣುತ್ತದೆ, ನೀವು ಕಣ್ಣು ಕಿರಿದು ಮಾಡುತ್ತೀರಿ. ಅಂಗಳಕ್ಕೆ ಬೆನ್ನು ಮಾಡಿದರೆ ಅದೇ ಅಂಗಳ ಪರದೆಯ ಮೇಲೆ ಪ್ರತಿಫಲಿಸುತ್ತದೆ. ಸರಿಯಾದ ಕ್ರಮವೆಂದರೆ ಬೆಳಕು ಪಕ್ಕದಿಂದ ಬರಬೇಕು. ಅಂಗಳವಾಗಲಿ ಕಿಟಕಿಯಾಗಲಿ ನಿಮ್ಮ ಎಡ ಅಥವಾ ಬಲ ಭುಜಕ್ಕೆ ಇರಲಿ. ಕಡಲತೀರದ ಮನೆಗಳಲ್ಲಿ ಪಶ್ಚಿಮದ ಕಿಟಕಿಗೆ ಮಧ್ಯಾಹ್ನ ಮೂರರ ನಂತರ ಹಗುರ ಬಟ್ಟೆಯ ಪರದೆ ಹಾಕಿ, ಸಂಜೆಯ ಬಿಸಿಲು ಓರೆಯಾಗಿ ಒಳಗೇ ನುಗ್ಗುತ್ತದೆ.

ಮೆತ್ತಿನ ಕಷ್ಟ ಇದರ ತಿರುಗುಮುರುಗು. ಹಳೆಯ ಮನೆಗಳ ಕಿಟಕಿ ಚಿಕ್ಕದು, ಮಾಡು ತಗ್ಗು. ಕತ್ತಲ ಕೋಣೆಯಲ್ಲಿ ಪರದೆಯೊಂದೇ ಬೆಳಗುತ್ತಿದ್ದರೆ ಕಣ್ಣು ಬೆಳಕಿಗೂ ಕತ್ತಲಿಗೂ ಮತ್ತೆ ಮತ್ತೆ ಹೊಂದಿಕೊಳ್ಳುತ್ತ ಸುಸ್ತಾಗುತ್ತದೆ. ಜೂನ್, ಜುಲೈನಲ್ಲಿ ಕರೆಂಟು ಹೋದಾಗ ಇಡೀ ಜಿಲ್ಲೆಯೇ ಮೆತ್ತಾಗುತ್ತದೆ ಬಿಡಿ. ಇನ್ವರ್ಟರಿನಲ್ಲಿ ಒಂದೇ ಬಲ್ಬು ಉರಿಸುವುದಾದರೆ ಅದು ಪರದೆಯ ಹಿಂದಿನ ಗೋಡೆಯ ಮೇಲೆ ಬೆಳಕು ಚೆಲ್ಲುವಂತಿರಲಿ. ನೆತ್ತಿಯ ಮೇಲಿನ ಬಲ್ಬಿಗಿಂತ ಅದು ಮೇಲು.

ಈಗ ಟೇಪು ಹಿಡಿಯಿರಿ. ಕಣ್ಣಿನಿಂದ ಪರದೆಗೆ 50ರಿಂದ 70 ಸೆಂಟಿಮೀಟರ್, ಅಂದರೆ ಸುಮಾರು ಒಂದು ತೋಳಿನಷ್ಟು ದೂರ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ. ನೋಟ ಸ್ವಲ್ಪ ಕೆಳಮುಖವಾದರೆ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಕಣ್ಣೀರು ಬೇಗ ಆರುವುದಿಲ್ಲ. ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಏರಿಸಿ, ಬೇರೆ ಕೀಬೋರ್ಡಿನಲ್ಲಿ ಟೈಪ್ ಮಾಡಿ. ಮಡಿಲಲ್ಲಿಟ್ಟುಕೊಂಡು ಕೆಲಸ ಮಾಡಿದರೆ ಮೊದಲು ಹೋಗುವುದು ಕುತ್ತಿಗೆ, ಆಮೇಲೆ ಕಣ್ಣು.

ಬಿಳಿ ಹಾಳೆ ಯಾಕೆಂದರೆ, ಅದನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ಪುಟ ಹಾಳೆಗಿಂತ ದೀಪದಂತೆ ಉರಿಯುತ್ತಿದ್ದರೆ ಪ್ರಖರತೆ ಇಳಿಸಿ, ಬೂದುಬೂದಾಗಿ ಕಂಡರೆ ಏರಿಸಿ. ಬೆಳಿಗ್ಗೆ ಹೊಂದಿಸಿದ್ದು ಮಳೆಮೋಡ ಕವಿದಾಗ ನಡೆಯುವುದಿಲ್ಲ, ದಿನಕ್ಕೆ ಎರಡು ಮೂರು ಸಲ ನೋಡಬೇಕು.

2. ಕನ್ನಡಕ್ಕೆ ಅಕ್ಷರ ದೊಡ್ಡದು ಮಾಡಿ

ಇದನ್ನು ಇಂಗ್ಲಿಷ್ ಲೇಖನಗಳು ಹೇಳುವುದಿಲ್ಲ, ಏಕೆಂದರೆ ಅವರಿಗೆ ಒತ್ತಕ್ಷರದ ಕಾಟವಿಲ್ಲ. ಇಂಗ್ಲಿಷಿಗೆ ಸಾಕಾಗುವ ಅಳತೆಯಲ್ಲಿ ಕನ್ನಡ ಓದಿ ನೋಡಿ. ‘ಸ್ವಾತಂತ್ರ್ಯ’ದ ಬುಡದಲ್ಲಿ ಏನಿದೆ ಎಂದು ಕಣ್ಣು ಊಹಿಸುತ್ತದೆಯೇ ಹೊರತು ಓದುವುದಿಲ್ಲ. ದ, ಧಗಳ ನಡುವಿನ ಹೊಟ್ಟೆ ಸೀಳು, ಪ, ಷಗಳ ನಡುವಿನ ಒಂದು ಗೆರೆ, ಬ, ಭಗಳ ವ್ಯತ್ಯಾಸ ಎಲ್ಲವೂ ಕೂದಲೆಳೆಯಷ್ಟು. ಕರಡು ತಿದ್ದುವವರಿಗೆ, ಬ್ಯಾಂಕು ಮತ್ತು ಪಂಚಾಯತಿಯ ಅರ್ಜಿಗಳಲ್ಲಿ ಹೆಸರು ತುಂಬುವವರಿಗೆ ದಿನದ ದಣಿವಿನ ದೊಡ್ಡ ಪಾಲು ಇಲ್ಲಿಂದ ಬರುತ್ತದೆ.

ಅಳೆಯುವ ದಾರಿ ಸುಲಭ. ನೀವು ಕೂರುವ ದೂರವನ್ನು ಮೂರು ಪಟ್ಟು ಮಾಡಿ, ಅಷ್ಟು ಹಿಂದೆ ಸರಿದು ನಿಂತು ಪರದೆಯ ಸಾಲನ್ನು ಓದಿ. 60 ಸೆಂಟಿಮೀಟರಿನಲ್ಲಿ ಕೂರುವವರಾದರೆ 180 ಸೆಂಟಿಮೀಟರಿನಿಂದ. ಕಷ್ಟಪಟ್ಟಾದರೂ ಒತ್ತಕ್ಷರ ಸಹಿತ ಓದಲು ಬಂದರೆ ಅಳತೆ ಸರಿ; ಬಾರದಿದ್ದರೆ ಅಕ್ಷರ ಹಿಗ್ಗಿಸಿ. ನನ್ನ ಪರದೆಯಲ್ಲಿ ಕನ್ನಡ 18 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ. ಸಾಲುಗಳು ಒತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕಣ್ಣಿಗೆ ತಂಪು ಎಂಬ ಮಾತಿದೆ. ಎಲ್ಲರಿಗೂ ಅಲ್ಲ. ಸಿಲಿಂಡರ್ ಪವರ್ ಇರುವವರಿಗೆ, ಎಂದರೆ ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಸಮವಾಗಿಲ್ಲದವರಿಗೆ, ಬಿಳಿ ಅಕ್ಷರದ ಅಂಚು ಕಪ್ಪಿನೊಳಗೆ ಹರಡಿದಂತೆ ಕಾಣಬಹುದು. ಒಂದು ದಿನ ಅದು, ಒಂದು ದಿನ ಇದು ಮಾಡಿ ನೋಡಿ, ಯಾವುದು ಹಿತವೋ ಅದನ್ನೇ ಇಟ್ಟುಕೊಳ್ಳಿ.

3. ಎವೆಯಿಕ್ಕುವುದನ್ನು ಮತ್ತೆ ಕಲಿಯಿರಿ

ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಪದರವೊಂದು ಸದಾ ಇರುತ್ತದೆ. ಒಳಗೆ ಲೋಳೆ, ನಡುವೆ ನೀರು, ಎಲ್ಲಕ್ಕೂ ಮೇಲೆ ಎಣ್ಣೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲಿದ ಹಾಗೆ. ಆ ಎಣ್ಣೆ ರೆಪ್ಪೆಯ ಅಂಚಿನ ಪುಟ್ಟ ಗ್ರಂಥಿಗಳಿಂದ ಬರುತ್ತದೆ, ಅವುಗಳಿಗೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ನೀರು ಆರಿಹೋಗದಂತೆ ತಡೆಯುವುದು ಅದೇ ಎಣ್ಣೆ. ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆದಾಗ ಈ ಪದರ ಹೊಸದಾಗಿ ಹರಡಿಕೊಳ್ಳುತ್ತದೆ.

ಸುಮ್ಮನೆ ಮಾತನಾಡುತ್ತ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಎವೆಯಿಕ್ಕುತ್ತೇವೆ. ಪರದೆ ನೋಡುವಾಗ ಇದು 5, 6ಕ್ಕೆ ಇಳಿಯುತ್ತದೆ, ಅದರಲ್ಲೂ ಎಷ್ಟೋ ಅರ್ಧಂಬರ್ಧ. ಪದರ ಅಲ್ಲಲ್ಲಿ ಒಡೆಯುತ್ತದೆ, ಉರಿ ಹುಟ್ಟುತ್ತದೆ. ವಿಚಿತ್ರವೆಂದರೆ ಕೆಲವರಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ. ‘ನೀರು ಬರುವಾಗ ಕಣ್ಣು ಒಣಗಿದೆ ಎನ್ನುವುದು ಹೇಗೆ?’ ಎಂದು ಕೇಳುತ್ತಾರೆ. ಒಣಗಿ ಉರಿದದ್ದಕ್ಕೇ ಕಣ್ಣು ಗಾಬರಿಯಾಗಿ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆ ಸಾಲದು, ಆದ್ದರಿಂದ ನಿಲ್ಲುವುದಿಲ್ಲ.

ಅಭ್ಯಾಸ ಹೀಗೆ. ಕಣ್ಣು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಎಣಿಸಿ, ರೆಪ್ಪೆಗಳನ್ನು ಹಗುರವಾಗಿ ಒತ್ತಿ, ತೆರೆಯಿರಿ. ಹತ್ತು ಸಲ. ತಾಸಿಗೊಮ್ಮೆ ಮಾಡಿ. ಇದು ಮರೆತೇ ಮರೆಯುತ್ತದೆ, ಅದಕ್ಕಾಗಿ ಪರದೆಯ ಅಂಚಿಗೆ ‘ಎವೆ’ ಎಂದು ಬರೆದ ಚೀಟಿ ಅಂಟಿಸಿ. ಮನೆಯವರು ನಕ್ಕರೆ ನಗಲಿ.

ಗಾಳಿಯ ಕಡೆ ಗಮನ ಕೊಡಿ. ಕರಾವಳಿಯಲ್ಲಿ ತೇವ ಇಷ್ಟಿರುವಾಗ ಕಣ್ಣು ಒಣಗುವುದೆಲ್ಲಿ ಎಂಬ ಧೈರ್ಯ ಬೇಡ. ಮುಖಕ್ಕೆ ನೇರ ಬೀಸುವ ಟೇಬಲ್ ಫ್ಯಾನು ಏಪ್ರಿಲ್‌ನ ಕಾರವಾರದಲ್ಲೂ ಕಣ್ಣೀರು ಆರಿಸುತ್ತದೆ, ಎಸಿ ಕೋಣೆಯಲ್ಲಂತೂ ಕೇಳುವುದೇ ಬೇಡ. ಆ ಸೆಕೆಯಲ್ಲಿ ಫ್ಯಾನು ಆರಿಸಿ ಎಂದು ಹೇಳುವಷ್ಟು ಕಟುಕ ನಾನಲ್ಲ. ಅದನ್ನು ಕಾಲಿನ ಕಡೆಗೋ ಬೆನ್ನಿನ ಕಡೆಗೋ ತಿರುಗಿಸಿಕೊಳ್ಳಿ.

ಘಟ್ಟದ ಮೇಲಿನವರಿಗೆ ಹೊಗೆ. ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆ, ಬೆಳಿಗ್ಗೆ ಬಚ್ಚಲೊಲೆ, ಸುಲಿಯುವಲ್ಲಿ ಧೂಳು. ಆ ತಿಂಗಳುಗಳಲ್ಲಿ ಮೇಜನ್ನು ಹೊಗೆ ಬರದ ದಿಕ್ಕಿನ ಕೋಣೆಗೆ ಸಾಗಿಸಿ. ನಾಲ್ಕು ದಿನದ ತಾಪತ್ರಯ, ಆದರೂ ಹನಿ ಔಷಧಕ್ಕಿಂತ ಅಗ್ಗ.

4. ಇಪ್ಪತ್ತರ ಲೆಕ್ಕ

ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಮಸೂರವನ್ನು ದಪ್ಪ ಮಾಡಲು ಪುಟ್ಟ ಸ್ನಾಯುವೊಂದು ಬಿಗಿಹಿಡಿಯುತ್ತದೆ. ಕೈಯಲ್ಲಿ ಕೊಡಪಾನ ಎತ್ತಿ ಹಿಡಿದು ನಿಂತಂತೆ. ತೂಕ ದೊಡ್ಡದಲ್ಲ, ಇಳಿಸದೆ ಹಿಡಿದಿರುವುದೇ ಕಷ್ಟ. ಇಳಿಸಲು ಲೆಕ್ಕವೊಂದಿದೆ: 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ್ದನ್ನು, 20 ಸೆಕೆಂಡು ನೋಡುವುದು. ಇಪ್ಪತ್ತಡಿ ಎಂದರೆ ಸುಮಾರು ಆರು ಮೀಟರ್. ಅಷ್ಟು ದೂರಕ್ಕೆ ನೋಡುವಾಗ ಆ ಸ್ನಾಯು ಹೆಚ್ಚುಕಡಿಮೆ ಪೂರ್ತಿ ಸಡಿಲವಾಗುತ್ತದೆ.

ನಮ್ಮಲ್ಲಿ ಇದಕ್ಕೆ ಟೇಪು ಬೇಡ. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ ಒಂಬತ್ತು ಅಡಿ. ತೋಟದಂಚಿನ ಕಿಟಕಿಯಿಂದ ಮೂರನೆಯ ಸಾಲಿನ ಆಚೆ ನೋಡಿದಿರೆಂದರೆ ಲೆಕ್ಕ ಮುಗಿಯಿತು. ಕಾರವಾರದಲ್ಲಿ ಸಮುದ್ರ ಕಾಣುವ ಕಿಟಕಿಯಿದ್ದರೆ ಕೂರ್ಮಗಡ ನಡುಗಡ್ಡೆಯ ಕಡೆ ನೋಡಿ. ನಡುಮಧ್ಯಾಹ್ನ ನೀರಿನ ಹೊಳಪನ್ನು ಮಾತ್ರ ದಿಟ್ಟಿಸಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಬಿಡುವು ಎಂದು ಕಂಪ್ಯೂಟರಿನಿಂದ ಕಣ್ಣು ತೆಗೆದು ಮೊಬೈಲ್ ತೆರೆಯುವುದು. ಅದು ಕೊಡಪಾನ ಇಳಿಸಿ ಬಿಂದಿಗೆ ಎತ್ತಿಕೊಂಡ ಹಾಗೆ. ಅದಕ್ಕಿಂತ ಕಷ್ಟವೇ, ಏಕೆಂದರೆ ಮೊಬೈಲ್ ಇನ್ನೂ ಹತ್ತಿರ. ಎರಡು ತಾಸಿಗೊಮ್ಮೆ ಹದಿನೈದು ನಿಮಿಷ ಎದ್ದು ತಿರುಗಾಡಿ. ಮೊಬೈಲ್ ಮೇಜಿನ ಮೇಲೆಯೇ ಇರಲಿ.

5. ಮೊಬೈಲ್ ಮತ್ತು ರಾತ್ರಿ

ಮೊಬೈಲನ್ನು ಒಂದಡಿಗಿಂತ ಹತ್ತಿರ ಹಿಡಿಯಬೇಡಿ. ಮಲಗಿ, ಒಂದು ಮಗ್ಗುಲಾಗಿ, ದೀಪ ಆರಿಸಿ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು. ನೀಲಿ ಬೆಳಕಿನ ತಂಟೆ ಇರುವುದು ಇಲ್ಲಿ ಮಾತ್ರ. ರಾತ್ರಿಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ರಸವನ್ನು ತಗ್ಗಿಸುತ್ತದೆ. ಪರದೆಯನ್ನು ಹಳದಿಯಾಗಿಸುವ ಸೌಲಭ್ಯ ಈಗಿನ ಹೆಚ್ಚಿನ ಮೊಬೈಲುಗಳಲ್ಲಿ ಪುಕ್ಕಟೆ ಇದೆ. ಮಲಗುವ ಒಂದು ತಾಸು ಮೊದಲೇ ಅದನ್ನು ಬೇರೆ ಕೋಣೆಯಲ್ಲಿಟ್ಟರೆ ಆ ಸೌಲಭ್ಯವೂ ಬೇಡ.

6. ಮಕ್ಕಳಿದ್ದರೆ

ಮಕ್ಕಳಿಗೆ ಆಗುವುದು ಬರಿಯ ದಣಿವಲ್ಲ, ಸಮೀಪದೃಷ್ಟಿ. ಅಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವುದು, ಕಣ್ಣುಗುಡ್ಡೆಯೇ ಉದ್ದ ಬೆಳೆಯುವುದು. ಒಮ್ಮೆ ಬೆಳೆದ ಗುಡ್ಡೆ ಮತ್ತೆ ಕುಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ.

ಪರದೆ ಕಡಿಮೆ ಮಾಡುವುದಷ್ಟೇ ಮುಖ್ಯವಾದದ್ದು ಹೊರಗಿನ ಬೆಳಕು. ತೈವಾನಿನ ಶಾಲೆಗಳಲ್ಲಿ 2010ರಿಂದ ಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಿಗೆ ಕಳಿಸುವ ಕಾರ್ಯಕ್ರಮವಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಗೆ ಬಿಟ್ಟಾಗ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳ ಪ್ರಮಾಣ ಇಳಿದದ್ದು 2015ರಲ್ಲಿ ಪ್ರಕಟವಾಯಿತು. ನಮ್ಮ ಮಕ್ಕಳಿಗೆ ಬಯಲಿಗೆ ಬರವಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ತೊಡಕು. ಮಳೆ ಹೊಳವಾದಾಗ ಅಂಗಳಕ್ಕೆ ಓಡಿಸಿ. ಮೋಡ ಮುಸುಕಿದ ಬಯಲಿನಲ್ಲೂ ಒಳಕೋಣೆಗಿಂತ ಎಷ್ಟೋ ಪಾಲು ಹೆಚ್ಚು ಬೆಳಕಿರುತ್ತದೆ.

7. ಹನಿ ಹಾಕುವ ಮೊದಲು

ಮೇಲಿನದನ್ನೆಲ್ಲ ಎರಡು ವಾರ ಮಾಡಿದ ಮೇಲೂ ಉರಿ ಉಳಿದರೆ ಕೃತಕ ಕಣ್ಣೀರು ಬಳಸಬಹುದು. ಅಂಗಡಿಯಲ್ಲಿ ಸಿಗುವ ಬಹಳಷ್ಟರಲ್ಲಿ ಇರುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂಬ ತೇವ ಹಿಡಿದಿಡುವ ವಸ್ತು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಸಂರಕ್ಷಕ ಇಲ್ಲದ್ದನ್ನು ಕೇಳಿ, ಆ ಸಂರಕ್ಷಕವೇ ಕಣ್ಣಿಗೆ ಕಿರಿಕಿರಿ ಮಾಡುವುದುಂಟು. ಮುಚ್ಚಳ ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಚೀಟಿಯಲ್ಲಿ ಬೇರೆ ಹೇಳದಿದ್ದರೆ ಒಂದು ತಿಂಗಳ ನಂತರ ಎಸೆಯಿರಿ.

ಬಿಸಿ ಶಾಖವೂ ಒಳ್ಳೆಯದು. ಸ್ವಚ್ಛ ಬಟ್ಟೆಯನ್ನು ಕೈಗೆ ಹಿತವೆನಿಸುವಷ್ಟು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ರೆಪ್ಪೆಯಂಚಿನ ಗ್ರಂಥಿಗಳಲ್ಲಿ ಹೆಪ್ಪಾದ ಎಣ್ಣೆ ಕರಗುತ್ತದೆ.

ಇನ್ನು ಮಾಡಬಾರದ್ದು. ಕೆಂಗಣ್ಣು ಬಂದಾಗ ವೈದ್ಯರು ಬರೆದುಕೊಟ್ಟ ಹನಿ ಕಪಾಟಿನಲ್ಲಿ ಉಳಿದಿರುತ್ತದೆ, ‘ಆಗ ಬೇಗ ಗುಣವಾಗಿತ್ತು’ ಎಂದು ಅದನ್ನೇ ಹಾಕಿಕೊಳ್ಳುತ್ತಾರೆ. ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಹೆಸರಿನ ಕೊನೆಯಲ್ಲಿ ‘ಸೋನ್’, ‘ಲೋನ್’ ಬರುತ್ತದೆಯೇ ನೋಡಿ: ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್. ಇವು ಉರಿಯನ್ನು ಚೆನ್ನಾಗಿಯೇ ಇಳಿಸುತ್ತವೆ. ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಕಣ್ಣನ್ನು ಬೆಳ್ಳಗೆ ಮಾಡುವ ಹನಿಗಳೂ ಬೇಡ. ರಕ್ತನಾಳ ಕುಗ್ಗಿಸಿ ಕೆಂಪು ಮರೆಸುತ್ತವೆ, ಬಿಟ್ಟ ಕೂಡಲೇ ಕೆಂಪು ಇಮ್ಮಡಿಯಾಗಿ ಮರಳುತ್ತದೆ.

ಮನೆಮದ್ದಿನ ವಿಷಯ ಹೇಳಿದರೆ ಹಿರಿಯರಿಗೆ ಬೇಸರವಾಗುತ್ತದೆ, ಆದರೂ ಹೇಳಬೇಕು. ತಣ್ಣೀರಿನಲ್ಲಿ ನೆನೆಸಿದ ನಂದಿಬಟ್ಟಲ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡು ಮಲಗಿ, ತಂಪಾಗುತ್ತದೆ. ಅದರ ರಸ, ಜೇನು, ತುಪ್ಪ, ಎದೆಹಾಲು ಯಾವುದನ್ನೂ ಕಣ್ಣೊಳಗೆ ಬಿಡಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಬಾವಿ ನೀರಿನಲ್ಲೋ ಅಬ್ಬಿ ನೀರಿನಲ್ಲೋ ತೊಳೆಯಬಾರದು, ಹಾಕಿಕೊಂಡು ಹೊಳೆಗೂ ಸಮುದ್ರಕ್ಕೂ ಇಳಿಯಬಾರದು. ಅಂಥ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನೇ ತಿನ್ನಬಲ್ಲದು.

8. ಕಣ್ಣು ತೋರಿಸುವುದು

ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬರುತ್ತದೆ. ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಓದುವ ಕನ್ನಡಕ ಮಾಡಿಕೊಡುವುದು ಪುಸ್ತಕದ ದೂರಕ್ಕೆ, ಸುಮಾರು 35ರಿಂದ 40 ಸೆಂಟಿಮೀಟರಿಗೆ. ಪರದೆ ಇರುವುದು 60ರಲ್ಲಿ. ಎರಡು ಭಾಗದ ಗಾಜಾದರೆ ಕೆಳಭಾಗದಿಂದ ಪರದೆ ನೋಡಲು ಗಲ್ಲ ಎತ್ತುತ್ತೀರಿ, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಕಣ್ಣಿನ ನೋವೆಂದು ತಿಳಿದದ್ದು ಎಷ್ಟೋ ಸಲ ಇದೇ. ಪರದೆಯ ದೂರಕ್ಕೆಂದೇ ಒಂದು ಸಾದಾ ಕನ್ನಡಕ ಮಾಡಿಸಿಕೊಳ್ಳಿ. ಅದಕ್ಕಾಗಿ ಮನೆಯಲ್ಲೇ ಕಣ್ಣಿನಿಂದ ಪರದೆಗಿರುವ ದೂರ ಅಳೆದು ಚೀಟಿಯಲ್ಲಿ ಬರೆದೊಯ್ಯಿರಿ. ಪರೀಕ್ಷೆ ಮಾಡುವವರು ಕೇಳದಿದ್ದರೂ ನೀವೇ ಹೇಳಿ. ಹಳೆಯ ಕನ್ನಡಕ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಜೊತೆಗಿರಲಿ. ಶೀತ, ತುರಿಕೆಗೆ ಕೊಡುವ ಕೆಲವು ಮಾತ್ರೆಗಳು ಕಣ್ಣು ಒಣಗಿಸುತ್ತವೆ. ಗಾಜಿಗೆ ಹೆಚ್ಚು ದುಡ್ಡು ಕೊಡುವುದೇ ಆದರೆ ಪ್ರತಿಫಲನ ತಡೆಯುವ ಲೇಪಕ್ಕೆ ಕೊಡಿ.

ಸಕ್ಕರೆ ಕಾಯಿಲೆ ಇದ್ದು ಸಕ್ಕರೆ ಏರಿಳಿಯುತ್ತಿರುವಾಗ ಕನ್ನಡಕದ ನಂಬರ್ ತೆಗೆಸಬೇಡಿ, ತಿಂಗಳೊಪ್ಪತ್ತಿನಲ್ಲಿ ಅದು ಬದಲಾಗುತ್ತದೆ. ಆದರೆ ಅಕ್ಷಿಪಟಲದ ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ನಲವತ್ತು ದಾಟಿದವರು ಕಣ್ಣಿನ ಒತ್ತಡವನ್ನೂ ನೋಡಿಸಿ. ಕನ್ನಡಕದಂಗಡಿಯ ಯಂತ್ರ ನಂಬರ್ ಹೇಳುತ್ತದೆ, ಇವೆರಡನ್ನು ಹೇಳುವುದಿಲ್ಲ.

ಅಕ್ಷಿಪಟಲ ನೋಡಲು ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಆಮೇಲೆ ನಾಲ್ಕೈದು ತಾಸು ಹತ್ತಿರದ್ದು ಮಸುಕು, ಬಿಸಿಲು ಸಹಿಸಲಾಗದು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವವರು ಬೈಕು ಬೇಡ, ಬಸ್ಸಿನಲ್ಲಿ ಹೋಗಿ. ಕರಾವಳಿಯಿಂದ ಬರುವವರು ಘಟ್ಟದ ತಿರುವುಗಳಲ್ಲಿ ಕಾರನ್ನು ಬೇರೆಯವರ ಕೈಗೆ ಕೊಡಿ. ಕಪ್ಪು ಕನ್ನಡಕ, ಜೊತೆಗೊಬ್ಬರು ಇರಲಿ. ಅಂದು ಸಂಜೆ ಮುಗಿಸಬೇಕಾದ ಕೆಲಸವೇನಾದರೂ ಇದ್ದರೆ ಹಿಂದಿನ ರಾತ್ರಿಯೇ ಕಳಿಸಿಬಿಡಿ.